ಪದ ಪರಿಚಯ: ಪೈಪಿಂಗ್ – ಮಣ್ಣಿನ ಡ್ಯಾಮ್ ಒಳಗಿಂದ ಸವೆಯುವ ಬಗೆ

ಆಗಸ್ಟ್ ಬಂತೆಂದರೆ ಟಿವಿಗೆ ಡ್ಯಾಮ್ ಅಂದರೆ ಗೇಟ್ ಅಷ್ಟೇ. ನಾರಾಯಣಪುರದಿಂದ ಇಷ್ಟು ಕ್ಯೂಸೆಕ್ ಬಿಟ್ಟರು, ಶಹಾಪುರ ಕಡೆಯ ಕೊಳ್ಳೂರು (ಎಂ) ಸೇತುವೆ ಮುಳುಗುವ ಹಂತಕ್ಕೆ ಬಂತು, ಸೆಲ್ಫಿಗೆ ಜನ ಸೇರಿದರು. ನಾರಾಯಣಪುರದ ಬಸವಸಾಗರ ಡ್ಯಾಮಿನ 30 ಗೇಟುಗಳಿಂದ ನೊರೆ ಹಾರುವುದು ನೋಡಲಿಕ್ಕೆ ಚೆಂದವೇ. ಆದರೆ ಆ ಡ್ಯಾಮಿನ ಉದ್ದ ಸುಮಾರು 10 ಕಿಲೋಮೀಟರ್. ಗೇಟುಗಳಿರುವುದು ಅದರಲ್ಲೊಂದು ಚಿಕ್ಕ ತುಂಡಿನಲ್ಲಿ. ಉಳಿದದ್ದು ಹೆಚ್ಚುಕಡಿಮೆ ಮಣ್ಣಿನ ಏರಿ. ಅದರ ಕಡೆ ಯಾವ ಕ್ಯಾಮೆರಾನೂ ತಿರುಗುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯ ಬಹುತೇಕ ಪ್ರಾಜೆಕ್ಟುಗಳ ಕಥೆ ಇದೇ. ಚಿಂಚೋಳಿಯ ಚಂದ್ರಂಪಳ್ಳಿ, ಕೆಳದಂಡೆ ಮುಲ್ಲಾಮಾರಿ, ಹೇರೂರಿನ ಬೆಣ್ಣೆತೊರಾ, ಆಳಂದದ ಅಮರ್ಜಾ, ಭಾಲ್ಕಿ ಕಡೆಯ ಕಾರಂಜಾ, ಯಾದಗಿರಿಯ ಹತ್ತಿಕುಣಿ, ಸೌದಾಗರ. ಸಾಮಾನ್ಯವಾಗಿ ನೀರು ಬಿಡಲು ಕಲ್ಲು-ಕಾಂಕ್ರೀಟಿನ ಒಂದು ಭಾಗ, ಅದರ ಪಕ್ಕಕ್ಕೆ ಉದ್ದಕ್ಕೆ ಮಣ್ಣು. ಇಂಥ ಏರಿ ಕೈಕೊಡುವ ಒಂದು ಮುಖ್ಯ ದಾರಿಗೆ ಎಂಜಿನಿಯರುಗಳು ಪೈಪಿಂಗ್ ಅನ್ನುತ್ತಾರೆ. ಏರಿಯ ಮಣ್ಣಿನೊಳಗೆ ನೀರು ತಾನೇ ಕೊರೆದುಕೊಳ್ಳುವ ಸುರಂಗ ಅದು. ಜಗತ್ತಿನಲ್ಲಿ ಇದುವರೆಗೆ ಒಡೆದ ಮಣ್ಣಿನ ಡ್ಯಾಮುಗಳ ದಾಖಲೆ ತೆಗೆದು ನೋಡಿದರೆ ಸುಮಾರು ಅರ್ಧದಷ್ಟು ಹೋಗಿರುವುದು ಹೀಗೆ ಒಳಗಿನ ಸವೆತದಿಂದ. ಉಳಿದವುಗಳಲ್ಲಿ ಬಹುಪಾಲು ನೀರು ಏರಿಯ ತಲೆಯ ಮೇಲೆ ಹರಿದು ಹೋದವು.

ಸೋರದ ಮಣ್ಣಿನ ಡ್ಯಾಮ್ ಎಲ್ಲೂ ಇಲ್ಲ. ಒಂದು ಕಡೆ ಹತ್ತಿಪ್ಪತ್ತು ಮೀಟರ್ ನೀರು ನಿಂತಿದೆ, ಇನ್ನೊಂದು ಕಡೆ ಗಾಳಿ. ನಡುವಿನ ಮಣ್ಣಿನಲ್ಲಿ ಎಷ್ಟೋ ಸಣ್ಣ ಸಂದುಗಳಿವೆ. ನೀರು ನಿಧಾನಕ್ಕೆ ಜಿನುಗಿ ಈಚೆ ಬರುತ್ತದೆ. ಏರಿಯ ಬುಡದಲ್ಲಿ ಬೇಸಿಗೆಯಲ್ಲೂ ಹಸಿರು ಹುಲ್ಲು ಕಾಣುತ್ತದಲ್ವಾ, ಅದಕ್ಕೆ ಕಾರಣ ಇದೇ. ಇಷ್ಟರಿಂದ ಗಾಬರಿ ಬೀಳಬೇಕಿಲ್ಲ. ಜಿನುಗುವ ನೀರು ತಿಳಿಯಾಗಿದ್ದು, ಪ್ರಮಾಣ ಹೆಚ್ಚುತ್ತಿಲ್ಲ ಅಂದರೆ ಡ್ಯಾಮ್ ತನ್ನ ಪಾಡಿಗೆ ತಾನಿದೆ ಅಂತ ಅರ್ಥ.

ನೀರು ಬರುವಾಗ ಮಣ್ಣಿನ ಕಣವನ್ನೂ ಜೊತೆಗೆ ಎತ್ತಿಕೊಂಡು ಬಂದರೆ ಮಾತ್ರ ಕೆಟ್ಟಿತು. ಇದು ಶುರುವಾಗುವುದು ಹೊರಗಡೆ, ನೀರು ಈಚೆ ಬೀಳುವ ಜಾಗದಲ್ಲಿ. ಮೊದಲು ತುದಿಯ ಒಂದೆರಡು ಕಣ ಸಡಿಲಾಗಿ ಹೋಗುತ್ತವೆ. ಅಲ್ಲಿ ಸಣ್ಣ ಕುಳಿ ಬೀಳುತ್ತದೆ. ನೀರು ಆ ಕುಳಿಯ ತನಕ ಬಂದರೆ ಸಾಕಾಗುವುದರಿಂದ ದಾರಿ ಅಷ್ಟು ಗಿಡ್ಡವಾಯಿತು. ದಾರಿ ಗಿಡ್ಡವಾದಷ್ಟೂ ರಭಸ ಜಾಸ್ತಿ. ರಭಸ ಜಾಸ್ತಿಯಾದಷ್ಟೂ ಇನ್ನಷ್ಟು ಕಣ ಕಿತ್ತು ಬರುತ್ತವೆ. ಹೀಗೆ ಕುಳಿ ಹಿಂದಕ್ಕೆ, ಅಂದರೆ ಜಲಾಶಯದ ಕಡೆಗೆ, ಬೆಳೆಯುತ್ತಾ ಹೋಗುತ್ತದೆ. ವರ್ಷಗಟ್ಟಲೆ ಇದು ಆಮೆ ವೇಗದಲ್ಲಿ ನಡೆಯಬಹುದು, ಯಾರಿಗೂ ಗೊತ್ತಾಗದೆ ಇರಬಹುದು. ಯಾವತ್ತು ಸುರಂಗದ ತುದಿ ಜಲಾಶಯದ ನೀರಿಗೆ ಮುಟ್ಟುತ್ತದೋ ಅವತ್ತು ಲೆಕ್ಕ ಗಂಟೆಗಳದ್ದು. ನೀರು ನೇರವಾಗಿ ನುಗ್ಗುತ್ತದೆ, ಸುರಂಗ ದೊಡ್ಡದಾಗುತ್ತದೆ, ಮೇಲಿನ ಮಣ್ಣು ಕುಸಿದು ಏರಿಯ ನಡುವೆ ಬಾಯಿ ತೆರೆಯುತ್ತದೆ.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಏರಿಯ ನಡುವೆ ನೀರು ತಡೆಯುವ ಜಿಗಟು ಮಣ್ಣಿನ ಗೋಡೆ ಇರುತ್ತದೆ. ಅದರ ಬೆನ್ನಿಗೆ ಮರಳಿನ ಒಂದು ಪದರ ಹಾಕುತ್ತಾರೆ. ಇದೇ ಫಿಲ್ಟರ್. ಚಹಾ ಸೋಸುವ ಜಾಲರಿಯ ಹಾಗೆ, ನೀರು ಬಿಡುತ್ತದೆ, ಮಣ್ಣಿನ ಕಣ ಹಿಡಿಯುತ್ತದೆ. ಮರಳಿನ ಕಾಳು ಎಷ್ಟು ದಪ್ಪ ಇರಬೇಕು ಅನ್ನುವುದಕ್ಕೆ ಪಕ್ಕಾ ಲೆಕ್ಕ ಇದೆ. ದಪ್ಪ ಜಾಸ್ತಿಯಾದರೆ ಕಣ ನುಸುಳುತ್ತದೆ, ಕಮ್ಮಿಯಾದರೆ ನೀರು ಕಟ್ಟಿಕೊಂಡು ಒತ್ತಡ ಏರುತ್ತದೆ. ಮಣ್ಣಿನ ಎಂಜಿನಿಯರಿಂಗ್‌ಗೆ ಅಡಿಪಾಯ ಹಾಕಿದ ಕಾರ್ಲ್ ಟೆರ್ಜಾಗಿ ಕಳೆದ ಶತಮಾನದ ಮೊದಲ ಭಾಗದಲ್ಲೇ ಈ ಲೆಕ್ಕಕ್ಕೆ ದಾರಿ ಹಾಕಿದ್ದರು. ಆದರೂ ಎಷ್ಟೋ ಹಳೆ ಏರಿಗಳಲ್ಲಿ ಸರಿಯಾದ ಫಿಲ್ಟರ್ ಇಲ್ಲ. ಇದ್ದ ಕಡೆಯೂ ಬುಡದ ಚರಂಡಿ ಹೂಳು ತುಂಬಿ ಮುಚ್ಚಿಹೋಗಿರುತ್ತದೆ. ಡ್ಯಾಮಿಗೆ ವಯಸ್ಸಾಯಿತು ಅಂದರೆ ಬರೀ ಸಿಮೆಂಟ್ ಉದುರುವುದಲ್ಲ. ಕಾಣದ ಪದರಗಳು ಕೆಲಸ ನಿಲ್ಲಿಸುವುದೂ ಅದರಲ್ಲಿ ಬಂತು.

ಪೈಪಿಂಗ್‌ಗೆ ಇಷ್ಟದ ಜಾಗಗಳು ಕೆಲವಿವೆ. ಮೊದಲನೆಯದು ತೂಬು. ಕಾಲುವೆಗೆ ನೀರು ಬಿಡಲು ಏರಿಯ ಹೊಟ್ಟೆಯಲ್ಲಿ ಅಡ್ಡಲಾಗಿ ಒಂದು ಕೊಳವೆ ಹೋಗಿರುತ್ತದೆ. ಅದರ ಸುತ್ತ ಮಣ್ಣನ್ನು ರೋಲರ್ ಹಾಕಿ ಗಟ್ಟಿ ಮಾಡುವುದು ಕಷ್ಟ, ಕೈಯಲ್ಲಿ ದಮ್ಮಸ್ಸು ಮಾಡಬೇಕು. ಅಲ್ಲಿ ಸಡಿಲು ಉಳಿದರೆ ನೀರು ಕೊಳವೆಯ ಹೊರಮೈ ಹಿಡಿದೇ ಓಡುತ್ತದೆ. ಎರಡನೆಯದು, ಮಣ್ಣಿನ ಏರಿ ಹೋಗಿ ಕಲ್ಲುಕಟ್ಟಡಕ್ಕೆ ಕೂಡುವ ಮೂಲೆ. ಕಲ್ಲು ಕುಗ್ಗುವುದಿಲ್ಲ, ಮಣ್ಣು ಕುಗ್ಗುತ್ತದೆ, ನಡುವೆ ಸಂದು ಬೀಳುತ್ತದೆ.

ನಮ್ಮ ಕಡೆಗೆ ಇನ್ನೆರಡು ಸೇರಿಸಬೇಕು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆ ಅಂತ ತೊಗರಿ ಬೆಳೆಯುವ ಯಾರಿಗೂ ಹೇಳಬೇಕಾಗಿಲ್ಲ. ಕೈ ತೂರುವಷ್ಟು ಬಿರುಕು. ನೀರು ತಡೆಯಲು ಈ ಜಿಗಟು ಕಪ್ಪು ಮಣ್ಣು ಒಳ್ಳೆಯದೇ, ಆದರೆ ಅದು ಒಣಗಬಾರದು. ಅದಕ್ಕೇ ಅದನ್ನು ಒಳಗಿಟ್ಟು ಹೊರಗೆ ಮರಂ (ಗರಸು ಮಣ್ಣು) ಹೊದಿಸುತ್ತಾರೆ. ಮಳೆಗೆ ಆ ಹೊದಿಕೆ ಕೊಚ್ಚಿ ಕೊರಕಲು ಬಿದ್ದರೆ, ವರ್ಷಾನುಗಟ್ಟಲೆ ಯಾರೂ ಮುಚ್ಚದೆ ಬಿಟ್ಟರೆ, ಮೇ ತಿಂಗಳ ಬಿಸಿಲು ಒಳಗಿನ ಮಣ್ಣಿಗೆ ತಾಗುತ್ತದೆ. ಇನ್ನೊಂದು ಬಳ್ಳಾರಿ ಜಾಲಿ. ಏರಿಯ ಮೇಲೆ ಅದು ಬೆಳೆದು ನಿಂತರೆ ನೆರಳಾಯಿತು, ಸೌದೆಗಾಯಿತು ಅಂತ ಬಿಡುತ್ತಾರೆ. ಅದರ ಬೇರು ಆಳಕ್ಕೆ ಇಳಿಯುತ್ತದೆ. ತಮಾಷೆ ಏನಂದರೆ, ದೊಡ್ಡ ಗಿಡವನ್ನು ಬುಡಕ್ಕೆ ಕಡಿದು ಸುಮ್ಮನಾದರೆ ಇನ್ನೂ ಅಪಾಯ. ಬೇರು ಒಳಗೆ ಕೊಳೆತು ಟೊಳ್ಳು ದಾರಿ ಬಿಟ್ಟು ಹೋಗುತ್ತದೆ. ಸಣ್ಣದಿದ್ದಾಗಲೇ ಕೀಳಬೇಕು. ದೊಡ್ಡದಾದ ಮೇಲೆ ಬೇರು ಸಮೇತ ತೆಗೆದು, ಗುಂಡಿಗೆ ಅದೇ ಗುಣದ ಮಣ್ಣು ಹಾಕಿ ದಮ್ಮಸ್ಸು ಮಾಡಬೇಕು. ಗಿಡದ ಮರೆಯಲ್ಲಿ ಇಲಿ, ಹೆಗ್ಗಣ, ಮುಳ್ಳುಹಂದಿ ಬಿಲ ತೋಡಿದರೂ ಕಾಣುವುದಿಲ್ಲ.

ಬಿಲದ ಮಾತು ಬಂದಾಗ ತಿವರೆ ನೆನಪಾಗುತ್ತದೆ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಈ ಸಣ್ಣ ಡ್ಯಾಮ್ ಒಡೆಯಿತು. ಕೆಳಗಿನ ಮನೆಗಳು ಕೊಚ್ಚಿಹೋದವು, ಇಪ್ಪತ್ತರ ಆಸುಪಾಸು ಜನ ಸತ್ತರು. ಆಗಿನ ಜಲಸಂರಕ್ಷಣಾ ಸಚಿವರು ಏಡಿಗಳು ತೂತು ಕೊರೆದದ್ದೇ ಕಾರಣ ಅಂದರು. ದೇಶವೆಲ್ಲ ನಕ್ಕಿತು. ಏಡಿ ಬಿಲ ತೋಡುವುದು ಸುಳ್ಳಲ್ಲ. ಆದರೆ ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಏಡಿಯ ಬಿಲ ಊರವರಿಗೆ ಕಂಡು, ನೋಡಿಕೊಳ್ಳಬೇಕಾದವರಿಗೆ ಕಾಣದೆ ಹೋದರೆ ಏಡಿಯದ್ದೇನು ತಪ್ಪು? ಇನ್ನೊಂದು ವಿಷಯ. ತಿವರೆ ಮುದಿ ಡ್ಯಾಮೇನೂ ಆಗಿರಲಿಲ್ಲ, ಇಪ್ಪತ್ತು ವರ್ಷವೂ ದಾಟಿರಲಿಲ್ಲ. ವಯಸ್ಸು ಒಂದು ಲೆಕ್ಕ, ಆರೈಕೆ ಇನ್ನೊಂದು ಲೆಕ್ಕ.

ತೀರಾ ಹೊಸದಕ್ಕೂ ಹೀಗಾಗುತ್ತದೆ. ಅಮೆರಿಕದ ಐಡಾಹೊದ ಟೆಟನ್ ಡ್ಯಾಮ್ ಮೊದಲ ಸಲ ತುಂಬುತ್ತಿದ್ದಾಗಲೇ ಹೋಯಿತು. 1976ರ ಜೂನ್ 3ರಂದು ಡ್ಯಾಮಿನ ಕೆಳಗೆ ಸಣ್ಣ ಊಟೆಗಳು ಕಂಡವು, ನೀರು ತಿಳಿಯಾಗಿತ್ತು. ಜೂನ್ 5ರ ಬೆಳಿಗ್ಗೆ ನೀರು ರಾಡಿಯಾಗಿ ಬರತೊಡಗಿತು. ತೂತು ಮುಚ್ಚಲು ಎರಡು ಬುಲ್ಡೋಜರ್ ಕಳಿಸಿದರು. ತೂತು ಅವನ್ನೇ ನುಂಗಿತು, ಓಡಿಸುತ್ತಿದ್ದವರು ಹೇಗೋ ಪಾರಾದರು. ಮಧ್ಯಾಹ್ನ 12 ಹೊಡೆಯುವ ಮೊದಲೇ 90 ಮೀಟರಿಗಿಂತ ಎತ್ತರದ ಡ್ಯಾಮ್ ಬಾಯಿಬಿಟ್ಟಿತು. 11 ಜನ ಸತ್ತರು. ರಾಡಿ ಕಂಡ ಮೇಲೆ ಸಿಕ್ಕ ಸಮಯ ಬರೀ ಒಂದು ಬೆಳಗು.

ಹಾಗಾಗಿ ಏರಿ ಕಾಯುವವರ ಕಣ್ಣು ಇರಬೇಕಾದದ್ದು ನೀರಿನ ಬಣ್ಣದ ಮೇಲೆ. ಬುಡದ ಚರಂಡಿಯಲ್ಲಿ ಒಂದು ಕಡೆ ತಗಡಿನ ಅಡ್ಡಗೋಡೆ ಇಟ್ಟು, ಅದರ ತಲೆಯಲ್ಲಿ ಇಂಗ್ಲಿಷಿನ ವಿ ಆಕಾರದ ಕಚ್ಚು ಕೊರೆದಿರುತ್ತಾರೆ. ಅದಕ್ಕೆ ವಿ-ನಾಚ್ ಅಂತಾರೆ. ಸೋರಿ ಬಂದ ನೀರೆಲ್ಲ ಆ ಕಚ್ಚಿನಿಂದಲೇ ದಾಟಬೇಕು. ಪಕ್ಕದ ಅಳತೆಪಟ್ಟಿಯಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಅಂತ ನೋಡಿದರೆ ಸೆಕೆಂಡಿಗೆ ಎಷ್ಟು ಲೀಟರ್ ಸೋರುತ್ತಿದೆ ಅಂತ ಸಿಗುತ್ತದೆ. ಅದನ್ನು ಜಲಾಶಯದ ಮಟ್ಟದ ಪಕ್ಕ ಬರೆದಿಡಬೇಕು. ಜಲಾಶಯ ಏರಿದಾಗ ಸೋರಿಕೆ ಏರುವುದು ಸಹಜ. ಜಲಾಶಯ ನಿಂತಲ್ಲೇ ನಿಂತು ಸೋರಿಕೆ ಮಾತ್ರ ಏರಿದರೆ ಒಳಗೆ ಏನೋ ನಡೆದಿದೆ. ಸೋರಿಕೆ ದಿಢೀರ್ ನಿಂತರೂ ಖುಷಿಪಡುವಂತಿಲ್ಲ, ಚರಂಡಿ ಕಟ್ಟಿಕೊಂಡು ನೀರು ಬೇರೆ ದಾರಿ ಹುಡುಕುತ್ತಿರಬಹುದು. ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ. ನೀರನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಡುವುದು. ತಳದಲ್ಲಿ ಮಣ್ಣು ಕೂತಿತಾ? ಆ ಮಣ್ಣು ಏರಿಯದ್ದು.

ಡ್ಯಾಮಿನ ಕೆಳಗೆ ಹೊಲ ಇರುವವರು ಎಂಜಿನಿಯರ್ ಆಗಬೇಕಿಲ್ಲ. “ಸಾಹೇಬ್ರ, ಏರಿ ಬುಡದಾಗ ನೀರು ರಾಡಿ ಬರ್ಲಾಕತ್ತದ” ಅಂತ ಒಂದು ಫೋನ್ ಹೋದರೆ ಸಾಕು. ಬುಡದ ನೆಲದಲ್ಲಿ ನೀರು ಬುಗುಬುಗು ಎದ್ದು ಸುತ್ತ ಮರಳಿನ ಗುಪ್ಪೆ ಕಟ್ಟುವುದು, ಏರಿಯ ಮೇಲಿನ ದಾರಿಯಲ್ಲಿ ಗುಂಡಿ ಬೀಳುವುದು, ಜಲಾಶಯದ ಕಡೆ ನೀರಿನಲ್ಲಿ ಸುಳಿ ಕಾಣುವುದು, ಇವೂ ಅದೇ ಜಾತಿಯ ಸುದ್ದಿಗಳು. ಸುಳಿ ಕಂಡಿತು ಅಂದರೆ ಫೋನ್ ಮಾಡುತ್ತಲೇ ಎತ್ತರದ ಕಡೆ ಓಡಬೇಕು.

ಗೇಟಿನ ಅವಘಡ ಬೇರೆ ಜಾತಿಯದು, ಎರಡನ್ನೂ ಕಲಸಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ಡ್ಯಾಮೇ ಒಡೆಯಿತು ಅಂತ ವಾಟ್ಸಾಪಿನಲ್ಲಿ ಓಡಾಡಿತು. ಡ್ಯಾಮ್ ಗಟ್ಟಿಯಾಗಿಯೇ ಇತ್ತು, ಹೋದದ್ದು ಒಂದು ಗೇಟ್. ನೀರು ಪೋಲಾಯಿತು, ರೈತರ ಬೆಳೆಗೆ ಆತಂಕ ಬಂತು, ಆದರೆ ಕೆಲವೇ ದಿನಗಳಲ್ಲಿ ಅಡ್ಡಹಲಗೆ ಇಳಿಸಿ ತಡೆದರು. ಮಣ್ಣಿನ ಏರಿ ಬಾಯಿಬಿಟ್ಟರೆ ಇಳಿಸಲಿಕ್ಕೆ ಹಲಗೆ ಇಲ್ಲ.

ನಾವು ಕಂಡ ಪ್ರವಾಹಗಳಿಗಿಂತಲೂ ಇದು ಬೇರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ, ಚಿತ್ತಾಪುರದ ಕಡೆ ಊರುಗಳಿಗೆ ನುಗ್ಗಿತು. ಅನಾಹುತ ದೊಡ್ಡದು. ಆದರೂ ಮೇಲೆ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ಎಷ್ಟು ಬಿಟ್ಟರು ಅಂತ ಗೊತ್ತಿತ್ತು, ನೀರು ಬಂದು ಮುಟ್ಟುವಷ್ಟರಲ್ಲಿ ಡಂಗುರ ಸಾರಲು ಸಮಯ ಸಿಕ್ಕಿತು. ಡ್ಯಾಮಿನ ಕೆಳಗೇ ಇರುವ ಊರಿಗೆ ಆ ಅನುಕೂಲ ಇಲ್ಲ. ಜೊತೆಗೆ ಒಂದರ ಕೆಳಗೆ ಒಂದು ಡ್ಯಾಮ್ ಇದ್ದರೆ ಮೇಲಿನದರ ನೀರು ಕೆಳಗಿನದರ ತಲೆಗೆ ಬರುತ್ತದೆ. ಬಸವಕಲ್ಯಾಣದಲ್ಲಿ ಮೇಲ್ದಂಡೆ ಮುಲ್ಲಾಮಾರಿ, ಚಿಂಚೋಳಿಯಲ್ಲಿ ಕೆಳದಂಡೆ ಮುಲ್ಲಾಮಾರಿ. ಹೊಳೆ ಒಂದೇ. ಅದು ಮುಂದೆ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ.

ಡ್ಯಾಮ್ ಎಷ್ಟು ಅಪಾಯಕಾರಿ ಅಂತ ಅಳೆಯುವಾಗ ಇದನ್ನೇ ನೋಡುತ್ತಾರೆ. ಏರಿ ಎಷ್ಟು ಹಳೆಯದು ಅನ್ನುವುದಷ್ಟೇ ಅಲ್ಲ, ಕೆಳಗೆ ಯಾರಿದ್ದಾರೆ? ಕಟ್ಟುವಾಗ ಕೆಳಗೆ ಬರೀ ಹೊಲ ಇದ್ದಿರಬಹುದು. ಈಗ ಅಲ್ಲಿ ಮನೆ, ಶಾಲೆ, ಹಳ್ಳದ ದಂಡೆಗೆ ಅಂಗಡಿ. ಡ್ಯಾಮ್ ಇದ್ದ ಹಾಗೇ ಇದೆ, ಅಪಾಯ ಮಾತ್ರ ಬೆಳೆದಿದೆ.

ಅದಕ್ಕೇ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಡ್ಯಾಮುಗಳೆಲ್ಲ ಇದರೊಳಗೆ ಬರುತ್ತವೆ. 10ರಿಂದ 15 ಮೀಟರಿನವು ಉದ್ದ, ನೀರಿನ ಪ್ರಮಾಣ ಮುಂತಾದ ಷರತ್ತಿನ ಮೇಲೆ ಬರುತ್ತವೆ. ಮಳೆಗಾಲಕ್ಕೆ ಮುಂಚೆ, ಮಳೆಗಾಲ ಮುಗಿದ ಮೇಲೆ ತಪಾಸಣೆ ಕಡ್ಡಾಯ. ಕಾಯ್ದೆ ಬಂದ ಐದು ವರ್ಷದೊಳಗೆ, ಅಂದರೆ 2026ರ ಕೊನೆಯೊಳಗೆ, ಹಳೆ ಡ್ಯಾಮುಗಳಿಗೂ ತುರ್ತು ಕ್ರಿಯಾ ಯೋಜನೆ ಸಿದ್ಧವಾಗಬೇಕು. ಡ್ಯಾಮ್ ಒಡೆದರೆ ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವ ಮುಳುಗಡೆ ನಕ್ಷೆ, ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕು, ಜನ ಯಾವ ದಾರಿಯಲ್ಲಿ ಹೋಗಬೇಕು, ಇವೆಲ್ಲ ಅಂಥ ಯೋಜನೆಯ ತಿರುಳು. 10 ಮೀಟರಿಗಿಂತ ಗಿಡ್ಡ ಇರುವ ಊರ ಕೆರೆಗಳು ಈ ಕಾಯ್ದೆಯ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಪೈಪಿಂಗ್‌ಗೆ ಆ ಭೇದ ಗೊತ್ತಿಲ್ಲ.

ನನ್ನ ಪ್ರಕಾರ ಈ ನಕ್ಷೆ ಆಫೀಸಿನ ಕಪಾಟಿನಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಪಂಚಾಯಿತಿ ಗೋಡೆಯ ಮೇಲೆ ಬರಬೇಕು, ಕನ್ನಡದಲ್ಲಿ, ಓಣಿಗಳ ಹೆಸರಿನ ಸಮೇತ. ಸುದ್ದಿ ಸರಿಯಾಗಿ ಮುಟ್ಟಿದರೆ ಜನ ಉಳಿಯುತ್ತಾರೆ. 2022ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ಇನ್ನೂ ಕಟ್ಟುತ್ತಿದ್ದ ಕಾರಂ ಡ್ಯಾಮಿನ ಏರಿ ಸೋರತೊಡಗಿತು. 18 ಹಳ್ಳಿಗಳನ್ನು ಖಾಲಿ ಮಾಡಿಸಿದರು. ಪಕ್ಕದಲ್ಲಿ ಕಾಲುವೆ ತೋಡಿ ನೀರು ಇಳಿಸಿದರು. ಒಂದೂ ಜೀವ ಹೋಗಲಿಲ್ಲ.

ನೀರು ಇಳಿಸುವುದೇ ಇಂಥ ಹೊತ್ತಿನ ಮೊದಲ ಕೆಲಸ. ಹಳೆ ಡ್ಯಾಮಿನ ತೂಬಿನ ಗೇಟ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಆ ಕೆಲಸವೂ ಆಗುವುದಿಲ್ಲ, ಹಾಗಾಗಿ ಅದನ್ನು ಆಗಾಗ ಎತ್ತಿ ಇಳಿಸಿ ನೋಡಬೇಕು. ಎರಡನೆಯದು, ಸೋರುವ ಬಾಯಿಗೆ ಗೋಣಿಚೀಲ ತುರುಕಿ ಗಟ್ಟಿಯಾಗಿ ಮುಚ್ಚಬಾರದು. ಮುಚ್ಚಿದರೆ ಒಳಗೆ ಒತ್ತಡ ಏರಿ ನೀರು ಇನ್ನೊಂದು ಕಡೆ ಒಡೆಯುತ್ತದೆ. ಅದರ ಮೇಲೆ ಮೊದಲು ಮರಳು, ಆಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಕಲ್ಲು ಹೀಗೆ ಪದರ ಪದರವಾಗಿ ಹಾಕಬೇಕು. ನೀರು ಬರಲಿ, ಮಣ್ಣು ಬರದಿರಲಿ. ಈ ಸಾಮಾನು ಮಳೆಗಾಲಕ್ಕೆ ಮುಂಚೆಯೇ ಏರಿಯ ಹತ್ತಿರ ರಾಶಿ ಬಿದ್ದಿರಬೇಕು. ನಡುರಾತ್ರಿ ಟಿಪ್ಪರ್ ಹುಡುಕಲಿಕ್ಕಾಗುವುದಿಲ್ಲ. ಇವತ್ತಿನ ಮರಳಿನ ರೇಟಿಗೆ ಅಂಥ ರಾಶಿ ಅಲ್ಲೇ ಉಳಿಯುತ್ತದಾ ಅನ್ನುವುದು ಬೇರೆ ಮಾತು. ನಿಮ್ಮೂರ ಮೇಲಿನ ಡ್ಯಾಮಿನಲ್ಲಿ ಅದು ಇದೆಯಾ ಅಂತ ಜೂನ್ ಮೊದಲ ವಾರದಲ್ಲೊಮ್ಮೆ ಹೋಗಿ ನೋಡಿ, ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ.