ಪದ ಪರಿಚಯ: ಶಾಸನದ ಅರ್ಥವಿವರಣೆ

ನಮ್ಮ ರಾಯಚೂರು, ಕೊಪ್ಪಳದ ಕಡೆ ಶಾಸನ ಅಂದರೆ ಮೊದಲು ನೆನಪಾಗುವುದು ಮಸ್ಕಿಯ ಅಶೋಕನ ಬಂಡೆ. ಕೋರ್ಟಿನಲ್ಲಿ ಅದೇ ಪದಕ್ಕೆ ಬೇರೆ ಅರ್ಥ ಇದೆ. ಸಂಸತ್ತೋ ವಿಧಾನಮಂಡಲವೋ ಪಾಸು ಮಾಡಿದ ಕಾಯ್ದೆಗೆ ಅಲ್ಲಿ ಶಾಸನ ಅನ್ನುತ್ತಾರೆ. ಕಾಯ್ದೆಯ ಒಂದೇ ಸಾಲಿಗೆ ವಾದಿ ಒಂದು ಅರ್ಥ, ಪ್ರತಿವಾದಿ ಇನ್ನೊಂದು ಅರ್ಥ ಹೇಳಿದಾಗ ಯಾವುದು ಸರಿ ಅಂತ ಯಾರಾದರೂ ತೀರ್ಮಾನಿಸಬೇಕಲ್ವಾ? ನ್ಯಾಯಾಧೀಶರು ಮಾಡುವ ಆ ಕೆಲಸವೇ ಶಾಸನದ ಅರ್ಥವಿವರಣೆ.

ಕೋರ್ಟು ಮೊದಲು ನೋಡುವುದು ಪದದ ನೇರ ಅರ್ಥ. ವೀಳ್ಯದೆಲೆ ತರಕಾರಿಯೋ ಅಲ್ಲವೋ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ತರಕಾರಿಗೆ ಮಾರಾಟ ತೆರಿಗೆ ಇರಲಿಲ್ಲ, ಎಲೆಯೂ ತರಕಾರಿಯೇ ಅಂತ ಅಕೋಲಾದ ಎಲೆ ವ್ಯಾಪಾರಿಗಳು ವಾದಿಸಿದರು. 1961ರಲ್ಲಿ ಕೋರ್ಟು ಒಪ್ಪಲಿಲ್ಲ. ಸಸ್ಯಶಾಸ್ತ್ರ ಏನೇ ಹೇಳಲಿ, ಜನ ದಿನಾ ಆಡುವ ಮಾತಿನಲ್ಲಿ ಆ ಪದಕ್ಕೆ ಏನರ್ಥವೋ ಅದೇ ಅರ್ಥ ಅಂದಿತು. ಸರಿಯಾಗಿದೆ. ತರಕಾರಿ ತಾ ಅಂತ ಗಂಗಾವತಿ ಸಂತೆಗೆ ಕಳಿಸಿದರೆ ಯಾರೂ ಎಲೆ ಕಟ್ಟು ಹಿಡಿದು ಬರುವುದಿಲ್ಲ. ಹಸಿ ಶುಂಠಿ ಮಾತ್ರ 1977ರಲ್ಲಿ ತರಕಾರಿ ಅಂತಲೇ ತೀರ್ಪಾಯಿತು.

ಪದ ಎರಡು ಕಡೆ ಎಳೆದಾಗ ಕಷ್ಟ ಶುರು. ಗಂಗಾವತಿ ಕೋರ್ಟಿನ ಮುಂದೆ ಒಮ್ಮೆ ವಯಸ್ಸಾದ ಅಕ್ಕ ಒಬ್ಬರು ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ತೋರಿಸಿ, "ಅಪ್ಪ ಸತ್ತದ್ದು 2003ರಾಗ. ನನಗ ಪಾಲು ಬರತೈತೇನಪ್ಪ?" ಅಂತ ಕೇಳಿದ್ದರು. ಕಾಲುವೆ ಕೆಳಗಿನ ಪಿತ್ರಾರ್ಜಿತ ಗದ್ದೆ ಅದು. ಅವರ ಪ್ರಶ್ನೆಗೆ ಉತ್ತರ ಇರುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನಲ್ಲಿ. 2005ರ ತಿದ್ದುಪಡಿ ಆ ಕಲಮಿಗೆ ಎರಡು ಮಾತು ತಂದಿತು. ಒಂದು, ತಿದ್ದುಪಡಿ ಜಾರಿಗೆ ಬಂದಾಗಿನಿಂದ ಮಗಳಿಗೆ ಹಕ್ಕು. ಇನ್ನೊಂದು, ಮಗನ ಹಾಗೆ ಅವಳಿಗೂ ಹುಟ್ಟಿನಿಂದಲೇ ಹಕ್ಕು.

ಯಾವ ಮಾತಿಗೆ ತೂಕ ಜಾಸ್ತಿ? ಕರ್ನಾಟಕದಿಂದಲೇ ಹೋಗಿದ್ದ ಫೂಲವತಿ ಪ್ರಕರಣದಲ್ಲಿ, 2015ರಲ್ಲಿ, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಮೊದಲನೆಯದನ್ನು ಹಿಡಿದರು. ತಿದ್ದುಪಡಿ ಜಾರಿಗೆ ಬಂದ ದಿನ, ಅಂದರೆ 2005ರ ಸೆಪ್ಟೆಂಬರ್ 9ರಂದು, ಅಪ್ಪ, ಮಗಳು ಇಬ್ಬರೂ ಬದುಕಿರಬೇಕು ಅಂದರು. ಅಂದರೆ ಈ ಅಕ್ಕನಿಗೆ ಬಾಗಿಲು ಮುಚ್ಚಿದಂತೆಯೇ. ನನಗೆ ಅದು ಯಾವತ್ತೂ ಸರಿ ಅನ್ನಿಸಲಿಲ್ಲ, ಯಾಕೆಂದರೆ ಮಗನಿಗೆ ಹಕ್ಕು ಕೊಡುವಾಗ ಅಪ್ಪ ಯಾವ ತಾರೀಖಿಗೆ ಬದುಕಿದ್ದ ಅಂತ ಯಾರೂ ಕೇಳುವುದಿಲ್ಲ. 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳು ಆ ಅರ್ಥವನ್ನು ತೆಗೆದುಹಾಕಿದರು. ಹಕ್ಕು ಹುಟ್ಟಿನಿಂದ ಬಂದದ್ದು, ಆದ್ದರಿಂದ ಆ ದಿನ ಅಪ್ಪ ಬದುಕಿರಬೇಕಾಗಿಲ್ಲ ಅಂದರು. ಈ ಐದು ವರ್ಷದಲ್ಲಿ ಸಂಸತ್ತು ಆ ಸಾಲಿನ ಒಂದಕ್ಷರವನ್ನೂ ಬದಲಿಸಿರಲಿಲ್ಲ.

ಕಾಯ್ದೆ ಯಾವ ತೊಂದರೆ ನೀಗಿಸಲು ಬಂತು ಅಂತ ನೋಡಿ ಅರ್ಥ ಹೇಳುವ ಈ ದಾರಿ ಹಳೆಯದು. ಇಂಗ್ಲೆಂಡಿನ ಹೇಡನ್ ಪ್ರಕರಣ 1584ರದ್ದು. ನಮ್ಮ ಸುಪ್ರೀಂ ಕೋರ್ಟು 1955ರಲ್ಲೇ ಅದನ್ನು ಬಳಸಿದೆ. ಹಾಗಂತ ಇಲ್ಲದ್ದನ್ನು ಸೇರಿಸುವಂತಿಲ್ಲ. ಶಿಕ್ಷೆ ಕೊಡುವ ಕಾಯ್ದೆಯಲ್ಲಂತೂ ನಿಜಕ್ಕೂ ಎರಡು ಅರ್ಥ ಹೊರಟರೆ ಆರೋಪಿಗೆ ಅನುಕೂಲವಾದದ್ದನ್ನೇ ಸಾಮಾನ್ಯವಾಗಿ ಹಿಡಿಯುತ್ತಾರೆ.

ಮಗಳ ಹಕ್ಕಿಗೂ ಮಿತಿ ಇದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಪಾಲಾಗಿದ್ದರೆ ಅದನ್ನು ಮುಟ್ಟುವಂತಿಲ್ಲ. ಪಾಲು ಅಂದರೆ ರಿಜಿಸ್ಟರ್ ಪತ್ರ, ಇಲ್ಲವೇ ಕೋರ್ಟಿನ ಡಿಕ್ರಿ ಅಂತ ಕಾಯ್ದೆಯೇ ಹೇಳಿದೆ. ಬಾಯಿಮಾತಿನ ವಾಟ್ನಿಯನ್ನು ಸರಕಾರಿ ದಾಖಲೆಯ ಗಟ್ಟಿ ಆಧಾರ ಇಲ್ಲದೆ ಕೋರ್ಟು ಒಪ್ಪುವುದಿಲ್ಲ. ಆ ಅಕ್ಕನ ತಮ್ಮಂದಿರು ಯಾವಾಗಲೋ ಪಾಲಾಗಿದೆ ಅನ್ನುತ್ತಿದ್ದರಂತೆ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು.