ಬಿಸಿ ಸೋರುವ ಮನೆಗಳು

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಾಜಧಾನಿ ರಿಜೈನಾ. ಜನವರಿಯ ರಾತ್ರಿ ಅಲ್ಲಿ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಅಂಥ ಊರಲ್ಲಿ 1977ರಲ್ಲಿ ಫರ್ನೇಸೇ (ಮನೆ ಬೆಚ್ಚಗಿಡುವ ದೊಡ್ಡ ಒಲೆ) ಇಲ್ಲದ ಮನೆಯೊಂದನ್ನು ಕಟ್ಟಿದರು. 1973ರ ತೈಲ ಬಿಕ್ಕಟ್ಟಿನ ಬಿಸಿ ಇನ್ನೂ ಆರಿರಲಿಲ್ಲ. ಸರ್ಕಾರ ಕೇಳಿದ್ದು ಸೌರಶಕ್ತಿಯಿಂದ ಬೆಚ್ಚಗಾಗುವ ಮನೆಯನ್ನು. ಎಂಜಿನಿಯರ್ ಹೆರಾಲ್ಡ್ ಆರ್ ಮತ್ತು ಸಂಗಡಿಗರು ಲೆಕ್ಕ ಹಾಕಿ ನೋಡಿದರು. ಡಿಸೆಂಬರಿನಲ್ಲಿ ಅಲ್ಲಿ ಹಗಲೆಂದರೆ ಎಂಟು ಗಂಟೆ, ಬಿಸಿಲೂ ಓರೆ. ಬಿಸಿ ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಸೂರ್ಯ ಕೈಕೊಡುತ್ತಾನೆ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ ಕೇಳಿಕೊಂಡರು: ಈ ಮನೆಗೆ ಇಷ್ಟೊಂದು ಶಾಖ ಯಾಕೆ ಬೇಕು?

ಗೋಡೆಗಳನ್ನು ಸುಮಾರು ಒಂದು ಅಡಿ ದಪ್ಪ ಮಾಡಿ ಒಳಗೆ ಶಾಖ ಹೊರಹೋಗದಂತೆ ತಡೆಯುವ ನಿರೋಧಕ ತುಂಬಿದರು. ಛಾವಣಿಗೆ ಇನ್ನೂ ದಪ್ಪ ಪದರ ಹಾಸಿದರು. ಗಾಳಿ ನುಸುಳದಂತೆ ಇಡೀ ಮನೆಗೆ ಪಾಲಿಥೀನ್ ಹಾಳೆ ಸುತ್ತಿ, ಹಾಳೆ ಹಾಳೆ ಸೇರುವ ಪ್ರತಿ ಸಂದನ್ನೂ ಅಂಟಿಸಿದರು. ಸೌರಫಲಕಗಳನ್ನೂ ಇಟ್ಟಿದ್ದರು, ಆದರೆ ತೊಂದರೆ ಕೊಟ್ಟಿದ್ದು ಅವೇ, ಕೊನೆಗೆ ತೆಗೆದುಹಾಕಬೇಕಾಯಿತು. ಗೋಡೆ, ಛಾವಣಿ ಮತ್ತು ಆ ಹಾಳೆ ಮಾತ್ರ ಸದ್ದಿಲ್ಲದೆ ತಮ್ಮ ಕೆಲಸ ಮಾಡಿದವು. ಮುಂದೆ ಜರ್ಮನಿಯ ವುಲ್ಫ್‌ಗ್ಯಾಂಗ್ ಫೈಸ್ಟ್ ಇಂಥ ಪ್ರಯೋಗಗಳಿಂದ ಕಲಿತು 1991ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಮೊದಲ ‘ಪ್ಯಾಸಿವ್ ಹೌಸ್’ ಕಟ್ಟಿಸಿದರು. ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್‌ಗಿಂತ (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ) ಹೆಚ್ಚು ಶಾಖ ಬೇಡದ ಮನೆ ಎಂಬ ಇಂದಿನ ಮಾನದಂಡದ ಬೇರು ಅಲ್ಲಿದೆ.

ಹೀಟಿಂಗ್ ಬಿಲ್ ಎಂದ ಕೂಡಲೇ ನಮ್ಮ ಕಣ್ಣು ನೀರು ಕಾಯಿಸಿ ಕೋಣೆಗಳ ರೇಡಿಯೇಟರುಗಳಿಗೆ ಕಳಿಸುವ ಬಾಯ್ಲರ್ ಕಡೆಗೋ ಯೂನಿಟ್ ದರದ ಕಡೆಗೋ ಹೋಗುತ್ತದೆ. ಮನೆ ಒಮ್ಮೆ ಬೆಚ್ಚಗಾದ ಮೇಲೆ ಬಾಯ್ಲರ್ ಉರಿಯುವುದು ಹೊರಗೆ ಹೋದ ಶಾಖವನ್ನು ತುಂಬಿಕೊಡಲಿಕ್ಕೆ ಮಾತ್ರ. ಬಿಲ್ಲಿನಲ್ಲಿರುವುದು ಸೋರಿಕೆಯ ಲೆಕ್ಕ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ 2022ರ ಅಕ್ಟೋಬರ್ ಚೆನ್ನಾಗಿ ನೆನಪಿರುತ್ತದೆ. ಸಾಮಾನ್ಯ ಮನೆಯೊಂದರ ಗ್ಯಾಸ್ ಮತ್ತು ವಿದ್ಯುತ್ತಿಗೆ ವರ್ಷಕ್ಕೆ 3,549 ಪೌಂಡ್ ಎಂದು ನಿಯಂತ್ರಕ ಸಂಸ್ಥೆ ಆಫ್ಜೆಮ್ ದರಮಿತಿ ಘೋಷಿಸಿತ್ತು. ಸರ್ಕಾರ ಮಧ್ಯೆ ಬಂದು ಅದನ್ನು 2,500ರ ಆಸುಪಾಸಿನಲ್ಲಿ ತಡೆದು ನಿಲ್ಲಿಸಿತು. ಅದಕ್ಕೆ ಒಂದು ವರ್ಷ ಹಿಂದೆ ಅದೇ ಮಿತಿ 1,277 ಪೌಂಡ್ ಇತ್ತು. ದರ ನಮ್ಮ ಕೈಯಲ್ಲಿಲ್ಲ. ಸೋರಿಕೆ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಒಂದು ಗೋಡೆಯನ್ನೇ ತೆಗೆದುಕೊಳ್ಳಿ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಮನೆಗಳದು ಹೆಚ್ಚಾಗಿ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ, ನಡುವೆ ಟೊಳ್ಳಿಲ್ಲ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಇದರ ಒಂದೊಂದು ಚದರ ಮೀಟರಿನಿಂದ ಸುಮಾರು 2 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಒಳಗೆ 20 ಡಿಗ್ರಿ, ಹೊರಗೆ 5, ಗೋಡೆ 20 ಚದರ ಮೀಟರ್ ಎಂದಿಟ್ಟುಕೊಂಡರೆ 600 ವ್ಯಾಟ್ ಆಯಿತು. ದಿನಕ್ಕೆ 14 ಯೂನಿಟ್‌ಗೂ ಮಿಗಿಲು, ಒಂದೇ ಗೋಡೆಯಿಂದ! ಅದಕ್ಕೆ ಹತ್ತು ಸೆಂಟಿಮೀಟರ್ ನಿರೋಧಕ ಹೊದಿಸಿದರೆ 600 ಇದ್ದದ್ದು 100 ವ್ಯಾಟಿಗೆ ಇಳಿಯುತ್ತದೆ. ಕಂಬಳಿ ಮಾಡುವ ಕೆಲಸವೇ ಇದು: ಎಳೆಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದು. ನಿಂತ ಗಾಳಿಯಷ್ಟು ಅಗ್ಗದ ಶಾಖನಿರೋಧಕ ಬೇರೊಂದಿಲ್ಲ. ಗಾಜಿನ ಎಳೆಗಳಿಂದ ಮಾಡಿದ ಗ್ಲಾಸ್ ವೂಲ್ ಎಂಬ ನಿರೋಧಕದಲ್ಲಿ ಗಾಜು ಬರೀ ನೆಪ, ತಡೆಯುವುದು ಅದರೊಳಗಿನ ಗಾಳಿ.

ಇನ್ನು ಅದೇ ಗೋಡೆಗೆ ಮತ್ತೆ ಹತ್ತು ಸೆಂಟಿಮೀಟರ್ ಹಾಕಿದರೆ ಎಷ್ಟು ಉಳಿದೀತು? 100 ವ್ಯಾಟ್ ಇದ್ದದ್ದು 55ಕ್ಕೆ ಬರುತ್ತದೆ, ಅಷ್ಟೆ. ಮೊದಲ ಪದರ 500 ವ್ಯಾಟ್ ಉಳಿಸಿತು, ಎರಡನೆಯದು 45. ಈ ಲೆಕ್ಕ ತಲೆಯಲ್ಲಿದ್ದರೆ ಹಣ ಎಲ್ಲಿ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ: ಈಗಾಗಲೇ ಹೊದ್ದಿರುವ ಜಾಗವನ್ನು ಇನ್ನಷ್ಟು ಹೊದಿಸುವುದಕ್ಕೆ ಮುಂಚೆ ಬೆತ್ತಲೆ ಜಾಗ ಹುಡುಕಬೇಕು. ಅಟ್ಟಕ್ಕೆ ಬ್ರಿಟನ್ನಿನಲ್ಲಿ ಶಿಫಾರಸು ಮಾಡುವ 270 ಮಿಲಿಮೀಟರ್ ಪದರವನ್ನು ಹಾಸಿ, ಹತ್ತುವ ಕಿಂಡಿಯ ಮುಚ್ಚಳವನ್ನು ಬರಿ ಹಲಗೆಯಾಗಿ ಬಿಟ್ಟಿರುವ ಮನೆಗಳು ಎಷ್ಟೋ ಇವೆ. 50 ಚದರ ಮೀಟರಿನ ಅಟ್ಟದಲ್ಲಿ ಅರ್ಧ ಚದರ ಮೀಟರಿನ ಆ ಮುಚ್ಚಳ ನೂರರಲ್ಲೊಂದು ಭಾಗ. ಆದರೆ ಅಲ್ಲಿಂದ ಹೋಗುವ ಶಾಖದಲ್ಲಿ ಹತ್ತರಲ್ಲೊಂದಕ್ಕಿಂತ ಹೆಚ್ಚು ಪಾಲು ಅದರದ್ದೇ.

ಗೋಡೆಗಿಂತ ಮೋಸ ಮಾಡುವುದು ಗಾಳಿ. 250 ಘನ ಮೀಟರಿನ ಮನೆಯಲ್ಲಿ ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾದರೆ, ಅದೇ 15 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.2 ಕಿಲೋವ್ಯಾಟ್ ಹೊರಗೆ ಹೋಗುತ್ತದೆ. ದಿನಕ್ಕೆ 30 ಯೂನಿಟ್! ಕಿಟಕಿ ಬಾಗಿಲು ಹಾಕಿದ್ದೇವಲ್ಲ ಎನ್ನಬಹುದು. ಬೆಚ್ಚನೆಯ ಗಾಳಿ ಹಗುರ, ಮೇಲೇರುತ್ತದೆ. ಅಟ್ಟದ ಕಿಂಡಿ, ದೀಪ ಕೂರಿಸಲು ಸೀಲಿಂಗಿಗೆ ಕೊರೆದ ತೂತು, ಪೈಪಿನ ಸುತ್ತಲಿನ ಸಂದು, ಹೀಗೆ ಮೇಲಿನ ದಾರಿಗಳಲ್ಲಿ ನುಸುಳಿ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ಮರದ ನೆಲಹಾಸಿನ ಸೀಳುಗಳಿಂದ, ಬಾಗಿಲ ಅಡಿಯಿಂದ ತಣ್ಣನೆಯ ಗಾಳಿ ಒಳಬರುತ್ತದೆ. ಕಾಲಿಗೆ ತಣ್ಣಗೆ ತಾಗುವುದು ಕೆಳಗಾದರೂ ತೂತು ಮುಚ್ಚಬೇಕಾದದ್ದು ಮೇಲೂ ಇರುತ್ತದೆ.

ಇದನ್ನು ಅಳೆಯುವ ಬಗೆ ನೋಡುವಂಥದ್ದು. ಮುಂಬಾಗಿಲ ಚೌಕಟ್ಟಿಗೆ ದೊಡ್ಡ ಫ್ಯಾನ್ ಬಿಗಿದು ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಒಳ-ಹೊರ ಒತ್ತಡದ ವ್ಯತ್ಯಾಸ 50 ಪ್ಯಾಸ್ಕಲ್‌ಗೆ ಬಂದಾಗ ಎಲ್ಲ ಸಂದುಗಳೂ ಒಮ್ಮೆಗೇ ಮಾತಾಡಲು ಶುರುಮಾಡುತ್ತವೆ. ಆಗ ಊದುಬತ್ತಿ ಹಚ್ಚಿ ಗೋಡೆಯುದ್ದಕ್ಕೂ ಹಿಡಿದು ಸಾಗಿದರೆ ನೆಟ್ಟಗೆ ಏರುತ್ತಿದ್ದ ಹೊಗೆ ಸ್ವಿಚ್‌ಬೋರ್ಡಿನ ಮುಂದೆ ಫಕ್ಕನೆ ಕೋಣೆಯ ಕಡೆ ಬಾಗುತ್ತದೆ, ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಚದುರಿಹೋಗುತ್ತದೆ. ಜೋರು ಗಾಳಿ ಬೀಸುವ ದಿನ ಫ್ಯಾನ್ ಇಲ್ಲದೆಯೂ ಇದನ್ನು ಮಾಡಬಹುದು. ಪರದೆಗಳಿಂದ ದೂರ ಹಿಡಿದರಾಯಿತು.

ಸಂದು ಮುಚ್ಚಿದ ಮೇಲೆ ತೇವದ ವಿಚಾರ ಬರುತ್ತದೆ. ನಮ್ಮ ಅಡುಗೆಮನೆಗಳಿಗೆ ಇದನ್ನು ಒತ್ತಿ ಹೇಳಬೇಕು. ಕುಕ್ಕರ್ ಕೂಗುತ್ತದೆ, ಇಡ್ಲಿ ಬೇಯುತ್ತದೆ, ಸಾರು ಕುದಿಯುತ್ತದೆ, ಒದ್ದೆ ಬಟ್ಟೆ ರೇಡಿಯೇಟರ್ ಮೇಲೆ ಒಣಗುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಹತ್ತು ಲೀಟರಿನ ಆಸುಪಾಸು ನೀರು ಆವಿಯಾಗಿ ಗಾಳಿ ಸೇರುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಲ್ಲಾದರೂ ನೀರು ಕೂರುತ್ತದೆ. ಬೀರುವಿನ ಹಿಂದಿನ ಹೊರಗೋಡೆಯ ಮೂಲೆ ಸಾಮಾನ್ಯವಾಗಿ ಅಂಥ ಜಾಗ, ಕಪ್ಪು ಬೂಷ್ಟು ಹಿಡಿಯುವುದೂ ಅಲ್ಲೇ. ಮಕ್ಕಳ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ಹಾಗಾಗಿ ಸೋರಿಕೆ ನಿಲ್ಲಿಸುವುದೆಂದರೆ ಗಾಳಿಯೇ ಬೇಡ ಎಂದಲ್ಲ, ನಮಗೆ ಬೇಕಾದಾಗ ಬೇಕಾದಲ್ಲಿ ಗಾಳಿ ಎಂದು. ಅಡುಗೆ ಮಾಡುವಾಗ ಎಕ್ಸಾಸ್ಟ್ ಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ. ಜರ್ಮನಿಯಲ್ಲಿ ಮಾಡುವ ಹಾಗೆ ಎದುರುಬದುರಿನ ಕಿಟಕಿಗಳನ್ನು ಐದು ನಿಮಿಷ ಪೂರ್ತಿ ತೆರೆದು ಮುಚ್ಚಿ. ಗಾಳಿ ಹಿಡಿದಿಡುವ ಶಾಖ ಅಲ್ಪ, ಗೋಡೆ ನೆಲ ಪೀಠೋಪಕರಣಗಳದ್ದು ಅಪಾರ. ಐದು ನಿಮಿಷದಲ್ಲಿ ತೇವ ಹೋಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ರಿಜೈನಾದ ಮನೆಯಲ್ಲಿ ಇದಕ್ಕೆಂದೇ ಶಾಖ ವಿನಿಮಯಕವಿತ್ತು: ಹೊರಹೋಗುವ ಹಳೆ ಗಾಳಿ ತನ್ನ ಬಿಸಿಯನ್ನು ಒಳಬರುವ ಹೊಸ ಗಾಳಿಗೆ ಕೊಟ್ಟು ಹೋಗುತ್ತಿತ್ತು.

ಕಿಟಕಿ ಮಾರುವವರು ಮನೆ ಬಾಗಿಲಿಗೇ ಬರುತ್ತಾರೆ. ಒಂಟಿ ಗಾಜಿಗಿಂತ ಜೋಡಿ ಗಾಜು ಮೇಲು, ಸಂಶಯವಿಲ್ಲ. ಆದರೆ ಬೆಲೆ ದೊಡ್ಡದು, ಹಾಕಿದ ಹಣ ಮರಳುವುದಕ್ಕೆ ಬಹಳ ವರ್ಷ ಬೇಕು. ಅಟ್ಟ ಮತ್ತು ಸಂದುಗಳನ್ನು ಬಿಟ್ಟು ಕಿಟಕಿಯಿಂದ ಶುರುಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಹೀಟ್ ಪಂಪ್ ಬಗ್ಗೆಯೂ ಇದೇ ಮಾತು. ಹೊರಗಿನ ಶಾಖವನ್ನು ಒಳಗೆ ಎಳೆದು ತಂದು, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುವ ಅದ್ಭುತ ಯಂತ್ರ ಅದು, ಆದರೆ ಸೋರುವ ಮನೆಗೆ ದೊಡ್ಡ ಪಂಪ್ ಬೇಕು, ಸೋರದ ಮನೆಗೆ ಸಣ್ಣದು ಸಾಕು.

ಕೋಣೆಯ ತಾಪಮಾನ ಎಷ್ಟಿರಬೇಕೆಂದು ಹೇಳುವ ಥರ್ಮೋಸ್ಟಾಟನ್ನು 28ಕ್ಕೆ ತಿರುಗಿಸಿದರೆ ಮನೆ ಬೇಗ ಬೆಚ್ಚಗಾಗುವುದಿಲ್ಲ. ಬಾಯ್ಲರ್ ಓಡುವುದು ಅದೇ ವೇಗದಲ್ಲಿ, ನಿಲ್ಲುವುದು ತಡವಾಗಿ. ಒಂದು ಡಿಗ್ರಿ ಇಳಿಸಿದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಬಹುದು. ಹೊರಗೆ ಸರಾಸರಿ 7, ಒಳಗೆ 20 ಇದ್ದರೆ ವ್ಯತ್ಯಾಸ 13. ಅದು 12 ಆದರೆ ಸೋರಿಕೆ ಸುಮಾರು ಶೇ. 8ರಷ್ಟು ಕಡಿಮೆ.

ವಿದೇಶದಲ್ಲಿರುವ ನಮ್ಮವರಲ್ಲಿ ಬಹಳ ಮಂದಿ ಬಾಡಿಗೆ ಮನೆಯವರು, ಗೋಡೆಗೆ ಕೈ ಹಚ್ಚುವಂತಿಲ್ಲ. ಬಾಗಿಲ ಅಡಿಗೆ ಬ್ರಶ್ ಪಟ್ಟಿ, ಕಿಟಕಿಗೆ ಅಂಟಿಸುವ ಸ್ಪಂಜಿನ ಪಟ್ಟಿ, ದಪ್ಪ ಪರದೆ, ರೇಡಿಯೇಟರಿಗೆ ಒತ್ತಿಕೊಂಡ ಸೋಫಾವನ್ನು ಮುಂದೆ ಸರಿಸುವುದು, ಇಷ್ಟಕ್ಕೆ ಸಾಮಾನ್ಯವಾಗಿ ಮಾಲೀಕರನ್ನು ಕೇಳಬೇಕಿಲ್ಲ. ಗ್ಯಾಸ್ ಉಪಕರಣಕ್ಕೆಂದು ಗೋಡೆಯಲ್ಲಿ ಬಿಟ್ಟಿರುವ ಗಾಳಿಕಿಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಅಲಾರಂ ಇಲ್ಲದಿದ್ದರೆ ಇವತ್ತೇ ಹಾಕಿಸಿ.

ಕಾಸು ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಈಗಿನ ಕಂಡೆನ್ಸಿಂಗ್ ಬಾಯ್ಲರುಗಳು ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಹಿಡಿದುಕೊಳ್ಳುತ್ತವೆ. ಆದರೆ ರೇಡಿಯೇಟರುಗಳನ್ನು ಸುತ್ತಿ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ. ಹೊರಡುವ ನೀರನ್ನೇ 75-80ಕ್ಕೆ ಇಟ್ಟುಬಿಟ್ಟರೆ ಆ ಶಾಖವೆಲ್ಲ ಚಿಮಣಿಯ ಪಾಲು. ಕಾಂಬಿ ಬಾಯ್ಲರ್ (ನೀರು ಕೂಡಿಡುವ ಸಿಲಿಂಡರ್ ಇಲ್ಲದೆ ಬೇಕಾದಾಗಲೇ ಬಿಸಿನೀರು ಕೊಡುವಂಥದ್ದು) ಇದ್ದರೆ ರೇಡಿಯೇಟರ್ ಚಿತ್ರವಿರುವ ಗುಂಡಿಯನ್ನು 60ರ ಹತ್ತಿರಕ್ಕೆ ಇಳಿಸಿ. ನಲ್ಲಿಯ ಚಿತ್ರವಿರುವುದು ಬೇರೆ, ಅದು ಸ್ನಾನದ ನೀರಿನದು. ಬಿಸಿನೀರಿನ ಸಿಲಿಂಡರ್ ಇರುವ ಮನೆಯಾದರೆ ತಂತ್ರಜ್ಞರನ್ನು ಕೇಳದೆ ಇಳಿಸಬೇಡಿ. ಶ್ವಾಸಕೋಶದ ಕಾಯಿಲೆ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಆ ನೀರು 60 ಡಿಗ್ರಿಗೆ ಕಾಯಲೇಬೇಕು.