ಮುರುಗಲು ಹಾಕಿದ ಗೋಧಿ ಬಿಯರ್: ಹುಳಿ ಮತ್ತು ಉಪ್ಪಿನ ಲೆಕ್ಕ

ಗೋಧಿ ಬಿಯರ್‌ಗೆ ಮುರುಗಲು (ಕೋಕಂ) ಸೇರಿಸುವ ಯೋಚನೆ ಇದ್ದರೆ ಮೊದಲು ಓದಬೇಕಾದದ್ದು ಜರ್ಮನಿಯ ಗೋಜೆ ಬಗ್ಗೆ. ಗೋಸ್ಲಾರ್ ಊರಿನಲ್ಲಿ ಹುಟ್ಟಿ ಲೈಪ್‌ಜಿಗ್‌ನಲ್ಲಿ ಹೆಸರು ಮಾಡಿದ ಬಿಯರ್ ಅದು. ಸುಮಾರು ಅರ್ಧ ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು), ಉಳಿದದ್ದು ಬಾರ್ಲಿ ಮಾಲ್ಟ್. ಜೊತೆಗೆ ಕೊತ್ತಂಬರಿ ಬೀಜ, ಉಪ್ಪು, ಹುಳಿ. ಕಾರವಾರದವರಿಗೆ ಮುರುಗಲು ಮನೆಯಲ್ಲೇ ಇರುತ್ತದೆ, ಸಾಣಿಕಟ್ಟಾ ಉಪ್ಪು ಗೋಕರ್ಣದ ಪಕ್ಕದ್ದೇ. ಹಾಗಾಗಿ ಆಸೆ ಸಹಜ.

ಒಂದು ಮಾತು ಮೊದಲೇ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಪರವಾನಗಿ ಇರುವ ಕಡೆ ಸಣ್ಣ ಪ್ರಯೋಗ ಮಾಡುವವರಿಗೆ, ಬ್ರೂಯಿಂಗ್ ಓದುತ್ತಿರುವವರಿಗೆ ಈ ಟಿಪ್ಪಣಿ.

ಗೋಧಿ ಕಾಳಿಗೆ ಬಾರ್ಲಿಯ ಹಾಗೆ ಹೊರಸಿಪ್ಪೆ ಇರುವುದಿಲ್ಲ. ಅದಕ್ಕೇ ಮ್ಯಾಶ್, ಅಂದರೆ ಬಿಸಿನೀರಿನಲ್ಲಿ ನೆನೆಸಿದ ಪುಡಿ ಮಾಲ್ಟ್, ಅಂಟಂಟಾಗಿ, ಸೋಸುವಾಗ ರಸ ಇಳಿಯದೆ ನಿಂತುಬಿಡುತ್ತದೆ. ತೊಳೆದ ಭತ್ತದ ಹೊಟ್ಟನ್ನು ಕಾಳಿನ ತೂಕದ ಶೇ. 5ರಷ್ಟು ಬೆರೆಸಿದರೆ ಸರಿಹೋಗುತ್ತದೆ. ಮ್ಯಾಶ್ 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ. ಇಷ್ಟು ಎಲ್ಲಾ ಗೋಧಿ ಬಿಯರ್‌ಗೂ ಒಂದೇ.

ನಿಜವಾದ ಕೆಲಸ ಹುಳಿಯದ್ದು. ಗೋಜೆಯಲ್ಲಿ ಹುಳಿ ಬರುವುದು ಲ್ಯಾಕ್ಟೋಬ್ಯಾಸಿಲಸ್‌ನಿಂದ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂ ಈ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಆದ್ದರಿಂದ ಹಾಪ್ಸ್ ಹಾಕುವ ಮೊದಲೇ ರಸವನ್ನು ಹುಳಿ ಮಾಡಿಕೊಳ್ಳಬೇಕು. 35 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ದಿನ. ಕರಾವಳಿಯ ಸೆಕೆ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮೊಸರು ಹಾಕಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹುಳಿ ಬರಬಹುದು, ಆದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಗೊತ್ತಿರುವುದಿಲ್ಲ. ಕಲಿಯುವಾಗ ಶುದ್ಧ ಕಲ್ಚರ್ (ಒಂದೇ ಬ್ಯಾಕ್ಟೀರಿಯಾವನ್ನು ಬೆಳೆಸಿದ ಹೆಪ್ಪು) ಒಳ್ಳೆಯದು.

ಸಾಮಾನ್ಯ ಗೋಜೆಗೆ ಪಿಎಚ್ 3.3ರ ಹತ್ತಿರ ಇಳಿಸುತ್ತಾರೆ (ಪಿಎಚ್ ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ನಾವು 3.6ಕ್ಕೇ ನಿಲ್ಲಿಸಬೇಕು ಅಂತ ನನ್ನ ಅಭಿಪ್ರಾಯ. ಏಕೆಂದರೆ ಮುರುಗಲು ತನ್ನದೇ ಹುಳಿ ತರುತ್ತದೆ. ಅದರಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಸ್ವಲ್ಪ ಒಗರೂ ಇದೆ. ಎರಡೂ ಹುಳಿ ಪೂರ್ತಿಯಾಗಿ ಸೇರಿದರೆ ಗೋಧಿಯ ಮೆದು ರುಚಿ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಹುಳಿ ಆದಮೇಲೆ ಕುದಿಸಿ, ಸ್ವಲ್ಪವೇ ಹಾಪ್ಸ್ ಹಾಕಿ. ಜಜ್ಜಿದ ಕೊತ್ತಂಬರಿ ಬೀಜ ಕೊನೆಯ 5 ನಿಮಿಷಕ್ಕೆ, ಹುರಿಯಬಾರದು.

ಯೀಸ್ಟ್ ಆಯ್ಕೆ ಊರಿನ ಮೇಲೆ ನಿಂತಿದೆ. ಗೋಧಿ ಬಿಯರ್‌ನ ಜರ್ಮನ್ ಯೀಸ್ಟ್‌ಗೆ 18ರಿಂದ 22 ಡಿಗ್ರಿ ಬೇಕು. ಕಾರವಾರದ 30 ಡಿಗ್ರಿಯಲ್ಲಿ ಅದು ಬಾಳೆಹಣ್ಣಿನ ವಾಸನೆಯನ್ನು ವಿಪರೀತ ಕೊಡುತ್ತದೆ. ಡ್ರಮ್ಮಿಗೆ ಒದ್ದೆ ಗೋಣಿ ಸುತ್ತುವ ಉಪಾಯ ಬಯಲುಸೀಮೆಗೆ ಸರಿ. ಇಲ್ಲಿಯ ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಆರಬೇಕಲ್ಲ! ಸೆಕೆಯಲ್ಲೂ ಚೆನ್ನಾಗಿ ಕೆಲಸ ಮಾಡುವ ನಾರ್ವೆಯ ಕ್ವೈಕ್ ಯೀಸ್ಟ್ ಕರಾವಳಿಗೆ ಹೇಳಿ ಮಾಡಿಸಿದ್ದು. ಶಿರಸಿಯ ಡಿಸೆಂಬರ್ ಚಳಿ ಸಿಕ್ಕಿದವರು ಜರ್ಮನ್ ಯೀಸ್ಟ್ ನೋಡಬಹುದು.

ಮುರುಗಲನ್ನು ಕುದಿಸಬಾರದು, ಅದರ ಕೆಂಪು ಆಂಥೋಸಯಾನಿನ್ ಬಣ್ಣ ಕಾವಿಗೆ ಹಾಳಾಗುತ್ತದೆ. ಯೀಸ್ಟ್ ಕೆಲಸ ಮುಗಿಸಿದ ಮೇಲೆ 200 ಗ್ರಾಂ ಒಣ ಸಿಪ್ಪೆಯನ್ನು 2 ಲೀಟರ್ 75 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಮುಚ್ಚಿಟ್ಟು, ಆರಿಸಿ ಸೋಸಿ. ಅಂಗಡಿಯ ಶರಬತ್ತು ಬೇಡ. ಅದರ ಸಕ್ಕರೆಯನ್ನು ಯೀಸ್ಟ್ ತಿಂದುಹಾಕುತ್ತದೆ, ಕೆಲವದರಲ್ಲಿ ಕೆಡದಂತೆ ಹಾಕಿದ ರಾಸಾಯನಿಕವೂ ಇರುತ್ತದೆ.

100 ಮಿ.ಲೀ. ಬಿಯರ್ ಇರುವ ಮೂರು ಲೋಟಕ್ಕೆ 3, 6, 9 ಮಿ.ಲೀ. ಕಷಾಯ ಹಾಕಿ ರುಚಿ ನೋಡಿ. 6 ಸರಿ ಅನಿಸಿದರೆ 20 ಲೀಟರಿಗೆ 1.2 ಲೀಟರ್. ಗ್ಯಾಸ್ ಸೇರಿದಾಗ ಹುಳಿ ಇನ್ನಷ್ಟು ಚುರುಕಾಗುತ್ತದೆ, ಅದಕ್ಕೇ ಅನುಮಾನ ಇದ್ದರೆ ಕಡಿಮೆ ಅಳತೆಯನ್ನೇ ಹಿಡಿಯಿರಿ.

ಉಪ್ಪು ಎಲ್ಲದಕ್ಕಿಂತ ಕೊನೆಗೆ. ಒಣ ಮುರುಗಲನ್ನು ಎಷ್ಟೋ ಕಡೆ ಉಪ್ಪು ಹಾಕಿಯೇ ಒಣಗಿಸುತ್ತಾರೆ. ಪುಸ್ತಕದ ಲೆಕ್ಕದಂತೆ 20 ಲೀಟರಿಗೆ 10 ಗ್ರಾಂ ಮೊದಲೇ ಸುರಿದರೆ ಆಮೇಲೆ ತೆಗೆಯಲು ಬರುವುದಿಲ್ಲ. ಉಪ್ಪಿಲ್ಲದ ಸಿಪ್ಪೆ ಸಿಕ್ಕರೆ ಲೆಕ್ಕ ಸುಲಭ. ಸಾಣಿಕಟ್ಟಾ ಉಪ್ಪಾದರೆ ನೀರಿನಲ್ಲಿ ಕರಗಿಸಿ, ಕುದಿಸಿ, ಮಣ್ಣು ಸೋಸಿ ಹಾಕಬೇಕು.

ಗ್ಯಾಸ್ ಬರಲು ಬಾಟಲಿಗೆ ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು. ಆದರೆ ಕಷಾಯ ಸೇರಿಸಿದ ಮೇಲೆ ಹೈಡ್ರೋಮೀಟರ್ (ಉಳಿದ ಸಕ್ಕರೆಯ ಅಂದಾಜು ಕೊಡುವ ಸಾಂದ್ರತೆಯ ಮಾಪಕ) ಮೂರು ದಿನ ಒಂದೇ ಅಂಕಿ ತೋರಿಸುವ ತನಕ ತುಂಬಬೇಡಿ. ಸಿಪ್ಪೆಯಲ್ಲೂ ಸ್ವಲ್ಪ ಸಕ್ಕರೆ ಇರುತ್ತದೆ, ಕರಾವಳಿಯ ಕಾವಿಗೆ ಬಾಟಲಿ ಒಡೆಯಲು ಹೆಚ್ಚು ಹೊತ್ತು ಬೇಡ.